ತೊಳೆದ ಮೇಲೆ ಗುಂಗುರು ವಾಪಸ್ ಬರುತ್ತಾ?

ಅಮೆರಿಕದಲ್ಲಿ ಆಫ್ರಿಕನ್ ಅಮೆರಿಕನ್ ಮಹಿಳೆಯರು ಹೋಗುವ ಸಲೂನ್‌ಗಳಲ್ಲಿ ‘ಸಿಲ್ಕ್ ಪ್ರೆಸ್’ಗೆ ಬೇಡಿಕೆ ಜಾಸ್ತಿ. ಕೂದಲು ನೇರ ಮಾಡುವ ಕೆಮಿಕಲ್ ಯಾವುದನ್ನೂ ಹಚ್ಚದೆ, ಬರೀ ಬಿಸಿಯಿಂದ ಬಿಗಿ ಗುಂಗುರನ್ನು ನೇರ ಮಾಡುವ ಕೆಲಸ ಇದು. ಮೊದಲು ಶಾಂಪೂ, ಕಂಡೀಷನರ್. ಆಮೇಲೆ ಡ್ರೈಯರ್ ಹಿಡಿದು ಪೂರ್ತಿ ಒಣಗಿಸುತ್ತಾರೆ. ನಂತರ ಕೂದಲನ್ನು ತೆಳ್ಳಗೆ ಭಾಗ ಮಾಡಿಕೊಂಡು, ಮುಂದೆ ಬಾಚಣಿಗೆ, ಅದರ ಬೆನ್ನಿಗೇ ಕಾದ ಫ್ಲ್ಯಾಟ್ ಐರನ್ (ಎರಡು ಬಿಸಿ ತಟ್ಟೆಗಳ ನಡುವೆ ಕೂದಲನ್ನು ಅದುಮಿ ಹಿಡಿಯುವ ಇಕ್ಕಳ), ಹೀಗೆ ಬುಡದಿಂದ ತುದಿಯವರೆಗೆ ಎಳೆಯುತ್ತಾರೆ. ಪಳಗಿದ ಕೈ ಆದರೆ ಒಂದೇ ಸಲ, ಹೆಚ್ಚೆಂದರೆ ಎರಡು ಸಲ. ಕಿವಿಯ ಹತ್ತಿರ ಪೊದೆಯಾಗಿ ನಿಂತಿದ್ದ ಕೂದಲು ಭುಜ ದಾಟಿ ಇಳಿಯುತ್ತದೆ.

ಒಂದೆರಡು ವಾರ ಬಿಟ್ಟು ತಲೆ ತೊಳೆದರೆ ಗುಂಗುರು ವಾಪಸ್ ಬರಬೇಕು. ಒಪ್ಪಂದ ಅದು. ಆದರೆ ಕೆಲವೊಮ್ಮೆ ಬರುವುದಿಲ್ಲ. ಬುಡದ ಕೂದಲು ಸುತ್ತಿಕೊಳ್ಳುತ್ತದೆ, ತುದಿ ಮಾತ್ರ ಜೀವ ಇಲ್ಲದ ಹಾಗೆ ನೇರವಾಗಿ ಜೋತು ಬೀಳುತ್ತದೆ. ಅಲ್ಲಿಯವರು ಇದಕ್ಕೆ ‘ಹೀಟ್ ಡ್ಯಾಮೇಜ್’ ಅನ್ನುತ್ತಾರೆ. ವರ್ಷಗಟ್ಟಲೆ ಕೆಮಿಕಲ್ ಬಿಟ್ಟು ಬೆಳೆಸಿದ ಕೂದಲನ್ನು ಒಂದು ಮಧ್ಯಾಹ್ನದಲ್ಲಿ ಕಳೆದುಕೊಂಡವರ ಸಿಟ್ಟು ಸಣ್ಣದಲ್ಲ.

ಅಷ್ಟೊಂದು ಬಿಸಿ ಯಾಕೆ ಬೇಕು ಅಂತ ಕೇಳುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಕಬ್ಬಿಣದ ಬಾಚಣಿಗೆಯನ್ನು ಒಲೆಯ ಮೇಲೆ ಕಾಯಿಸಿ ಕೂದಲಿಗೆ ಎಳೆಯುವ ಪದ್ಧತಿಗೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ. 1867ರಲ್ಲಿ ಲೂಸಿಯಾನದಲ್ಲಿ ಹುಟ್ಟಿದ ಮೇಡಂ ಸಿ. ಜೆ. ವಾಕರ್ ಆ ಬಾಚಣಿಗೆಯನ್ನು ಕಂಡುಹಿಡಿದರು ಅಂತ ಅನೇಕರು ಬರೆಯುತ್ತಾರೆ. ಅದು ನಿಜವಲ್ಲ. ಅವರು ಅದನ್ನು ತಮ್ಮ ಕೇಶ ಆರೈಕೆಯ ಪದ್ಧತಿಗೆ ಸೇರಿಸಿಕೊಂಡು ಮನೆಮನೆಗೆ ಮುಟ್ಟಿಸಿದರು, ಅಷ್ಟೆ. ಆಮೇಲೆ ರಿಲ್ಯಾಕ್ಸರ್ ಎಂಬ ಕ್ಷಾರದ ಕ್ರೀಮ್‌ಗಳ ಕಾಲ ಬಂತು. ಅವು ಗುಂಗುರನ್ನು ಶಾಶ್ವತವಾಗಿ ಬಿಡಿಸುತ್ತವೆ. ಈಗ ಬಹಳ ಜನ ಅವನ್ನು ಬಿಟ್ಟಿದ್ದಾರೆ. 2022ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ದೊಡ್ಡ ಅಧ್ಯಯನವೊಂದು ಹೊರಬಂತು. ಕೂದಲು ನೇರ ಮಾಡುವ ಕೆಮಿಕಲ್ ಎಂದೂ ಬಳಸದ ಮಹಿಳೆಯರಲ್ಲಿ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ಶೇ. 1.64 ಇದ್ದರೆ, ಪದೇ ಪದೇ ಬಳಸಿದವರಲ್ಲಿ ಅದು ಶೇ. 4.05 ಎಂದು ಅದರಲ್ಲಿತ್ತು. ಎರಡಕ್ಕೂ ನಂಟು ಕಂಡಿದೆ ಎಂದಷ್ಟೇ ಅದರ ಅರ್ಥ, ಕಾರಣ ಸಾಬೀತಾಯಿತು ಅಂತಲ್ಲ. ಆದರೂ ಕೆಮಿಕಲ್ ಬೇಡ, ಅಪರೂಪಕ್ಕೊಮ್ಮೆ ನೇರ ಕೂದಲೂ ಬೇಕು ಅನ್ನುವವರಿಗೆ ಉಳಿದ ದಾರಿ ಬಿಸಿಯೇ.

ಈಗ ಕೂದಲಿನ ಒಳಗೆ ಹೋಗೋಣ. ಒಂದು ಕೂದಲಿನ ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಹೊರಗೆ ಒಂದರ ಮೇಲೊಂದು ಹೊದ್ದುಕೊಂಡ ತೆಳು ಪದರಗಳು, ಅದಕ್ಕೆ ಕ್ಯುಟಿಕಲ್ ಎನ್ನುತ್ತಾರೆ. ಒಳಗಿನ ತಿರುಳಿನಲ್ಲಿ ಕೆರಾಟಿನ್ ಎಂಬ ಪ್ರೋಟೀನ್. ಈ ಪ್ರೋಟೀನಿನ ಎಳೆಗಳು ಸುರುಳಿಯಾಗಿ ಸುತ್ತಿಕೊಂಡು, ಪಕ್ಕದ ಎಳೆಗಳ ಜೊತೆ ಹಲವು ಬಗೆಯ ಬಂಧಗಳಿಂದ ಹಿಡಿದುಕೊಂಡಿರುತ್ತವೆ. ನಮಗೆ ಇಲ್ಲಿ ಬೇಕಾದವು ಎರಡು. ಮೊದಲನೆಯದು ಹೈಡ್ರೋಜನ್ ಬಂಧ. ತುಂಬಾ ದುರ್ಬಲ, ಆದರೆ ಲೆಕ್ಕವಿಲ್ಲದಷ್ಟು. ನೀರು ತಾಗಿದರೆ ಸಾಕು, ಬಿಡುತ್ತದೆ. ಎರಡನೆಯದು ಗಂಧಕದ ಬಂಧ. ಇದು ಗಟ್ಟಿ, ನೀರಿಗೆ ಬಗ್ಗುವುದಿಲ್ಲ. ಕೂದಲು ಸುಟ್ಟರೆ ಬರುವ ಆ ಕೆಟ್ಟ ವಾಸನೆ ಇದೇ ಗಂಧಕದ ಕೊಡುಗೆ.

ಹತ್ತಿ ಸೀರೆಗೆ ನೀರು ಚಿಮುಕಿಸಿ ಇಸ್ತ್ರಿ ಹಾಕುತ್ತೇವೆ, ಅಲ್ವಾ? ನೀರು ಹತ್ತಿಯೊಳಗಿನ ಹೈಡ್ರೋಜನ್ ಬಂಧಗಳನ್ನು ಸಡಿಲಿಸುತ್ತದೆ. ಬಿಸಿ ಆ ನೀರನ್ನು ಓಡಿಸುತ್ತದೆ. ಬಟ್ಟೆ ಹರವಿಕೊಂಡಿರುವ ಭಂಗಿಯಲ್ಲೇ ಬಂಧಗಳು ಮತ್ತೆ ಕೂಡುತ್ತವೆ. ಕೂದಲಲ್ಲೂ ಹೆಚ್ಚುಕಡಿಮೆ ಇದೇ ನಡೆಯುತ್ತದೆ. ಡ್ರೈಯರ್ ಹಿಡಿದು ಎಳೆದು ಒಣಗಿಸುವಾಗಲೇ ಅರ್ಧ ಕೆಲಸ ಮುಗಿದಿರುತ್ತದೆ, ಉಳಿದದ್ದನ್ನು ಐರನ್ ಮುಗಿಸುತ್ತದೆ. ತಾತ್ಕಾಲಿಕ ಬಂಧ ಆದ್ದರಿಂದ ಮತ್ತೆ ನೀರು ಬಿದ್ದರೆ ಎಲ್ಲ ಮೊದಲಿನ ಹಾಗೆ. ನೀರೇ ಬೇಕಂತಿಲ್ಲ, ಗಾಳಿಯಲ್ಲಿರುವ ತೇವವೂ ಸಾಕು. ಜೂನ್ ತಿಂಗಳಲ್ಲಿ ಮಂಗಳೂರಿನಲ್ಲಿ ಕೂದಲು ಐರನ್ ಮಾಡಿಸಿಕೊಂಡು ಮದುವೆ ಹಾಲ್ ಮುಟ್ಟುವಷ್ಟರಲ್ಲಿ ಏನಾಗಿರುತ್ತದೆ ಅಂತ ಅಲ್ಲಿಯವರಿಗೆ ಹೇಳಬೇಕಾಗಿಲ್ಲ.

ಇಷ್ಟೇ ಆಗಿದ್ದರೆ ತಕರಾರಿಲ್ಲ. ತೊಂದರೆ ಶುರುವಾಗುವುದು ಬಿಸಿ ಈ ದುರ್ಬಲ ಬಂಧಗಳನ್ನು ದಾಟಿ ಪ್ರೋಟೀನಿನ ಸುರುಳಿಗೇ ಕೈ ಹಾಕಿದಾಗ. ಚೆನ್ನಾಗಿ ಒಣಗಿದ ಕೂದಲಿನಲ್ಲಿ ಕೆರಾಟಿನ್ ಸುರುಳಿ ಕುಸಿಯುವುದು ಸುಮಾರು 220ರಿಂದ 240 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಮಾರುಕಟ್ಟೆಯಲ್ಲಿರುವ ಅನೇಕ ಫ್ಲ್ಯಾಟ್ ಐರನ್‌ಗಳ ಕೊನೆಯ ಗುರುತು 450 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 232 ಸೆಲ್ಸಿಯಸ್. ಹಾಗಾಗಿ ಡಯಲ್ ಪೂರ್ತಿ ತಿರುಗಿಸಿದರೆ ನೀವು ನಿಂತಿರುವುದು ಪ್ರೋಟೀನ್ ಕುಸಿಯುವ ಜಾಗದಲ್ಲೇ. ಒಮ್ಮೆ ಕುಸಿದ ಸುರುಳಿ ನೀರು ಹಾಕಿದರೆ ಮರಳುವುದಿಲ್ಲ.

ಕೂದಲಿನಲ್ಲಿ ನೀರಿದ್ದರೆ ಲೆಕ್ಕ ಇನ್ನೂ ಕೆಡುತ್ತದೆ. ನೀರಲ್ಲಿ ಮುಳುಗಿದ ಕೂದಲನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ ನೋಡಿದರೆ ಅದೇ ಕೆರಾಟಿನ್ 150 ಡಿಗ್ರಿಯ ಆಸುಪಾಸಿನಲ್ಲೇ ಸೋಲುತ್ತದೆ. ಒದ್ದೆ ಕೂದಲಿಗೆ ಐರನ್ ತಾಗಿಸಿದರೆ ಇನ್ನೊಂದು ಅನಾಹುತವೂ ಇದೆ. ತಿರುಳಿನೊಳಗಿನ ನೀರು ಒಮ್ಮೆಲೇ ಆವಿಯಾಗುತ್ತದೆ. ಹೊರಬರಲು ದಾರಿ ಸಾಲದೆ, ಮೆತ್ತಗಾಗಿರುವ ಕೆರಾಟಿನ್ನನ್ನು ಒಳಗಿನಿಂದ ಉಬ್ಬಿಸಿ ಗುಳ್ಳೆ ಮಾಡುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೂದಲಿನ ಉದ್ದಕ್ಕೂ ಸಾಲು ಸಾಲು ಪೊಳ್ಳು. ವೈದ್ಯರು ಇದನ್ನು 1986ರಲ್ಲಿ ವರದಿ ಮಾಡಿ ‘ಬಬಲ್ ಹೇರ್’ ಎಂದು ಕರೆದರು. ಒದ್ದೆ ಕೂದಲಾದರೆ ಕೂದಲನ್ನು ಸುರುಳಿ ಮಾಡುವ ಕರ್ಲಿಂಗ್ ಟಾಂಗ್ ಅನ್ನು 125 ಡಿಗ್ರಿಯಲ್ಲಿ ಒಂದು ನಿಮಿಷ ಹಿಡಿದರೂ ಗುಳ್ಳೆ ಏಳುತ್ತದೆ ಎಂದು 1990ರ ದಶಕದ ಪ್ರಯೋಗಗಳು ತೋರಿಸಿದವು. ಪೊಳ್ಳು ಬಿದ್ದ ಕಡೆ ಕೂದಲು ಪಟ್ ಅಂತ ಮುರಿಯುತ್ತದೆ. ಐರನ್ ಎಳೆಯುವಾಗ ಚುಂಯ್ ಅಂತ ಸದ್ದು ಬಂದರೆ ಕೂದಲು ಪೂರ್ತಿ ಒಣಗಿಲ್ಲ ಅಂತ ತಿಳಿಯಿರಿ. ‘ಅದು ಸೀರಮ್ ಮೇಡಂ, ಏನಾಗಲ್ಲ’ ಅನ್ನುವ ಉತ್ತರ ಸಿಗಬಹುದು. ಕೆಲವು ಸಲ ಅದು ನಿಜವೂ ಹೌದು. ಆದರೂ ಕೈ ತಡೆಯುವುದೇ ವಾಸಿ.

ಬಿಗಿ ಗುಂಗುರು ಕೂದಲಿಗೆ ಈ ಅಪಾಯ ಹೆಚ್ಚು. ಅದನ್ನು ಅಡ್ಡ ಕತ್ತರಿಸಿ ನೋಡಿದರೆ ದುಂಡಗಿಲ್ಲ, ಚಪ್ಪಟೆಯಾಗಿದೆ. ಉದ್ದಕ್ಕೂ ತಿರುಚಿಕೊಂಡು ಹೋಗುತ್ತದೆ, ಪ್ರತಿ ತಿರುವೂ ಒಂದು ದುರ್ಬಲ ಜಾಗ. ನೆತ್ತಿಯ ಜಿಡ್ಡು ಈ ತಿರುವುಗಳನ್ನು ಹಾದು ತುದಿಯವರೆಗೆ ಇಳಿಯುವುದಿಲ್ಲ, ಹಾಗಾಗಿ ತುದಿ ಯಾವಾಗಲೂ ಒಣ. ಬಾಚುವಾಗಲೇ ಮುರಿಯುವ ಕೂದಲು ಇದು, ಅದರ ಮೇಲೆ ಕಾದ ತಟ್ಟೆ ಬೇರೆ.

ನನಗೆ ಎಲ್ಲಕ್ಕಿಂತ ತಮಾಷೆ ಅನ್ನಿಸುವ ವಿಷಯ ಬೇರೆಯೇ ಇದೆ. ಹಾನಿಯಾದ ದಿನವೇ ಕೂದಲು ಅತ್ಯಂತ ಚೆನ್ನಾಗಿ ಕಾಣುತ್ತದೆ. ಪದರಗಳು ಅದುಮಿ ಮಲಗಿರುತ್ತವೆ, ಎಲ್ಲ ಎಳೆಗಳೂ ಒಂದೇ ದಿಕ್ಕಿಗೆ ತಿರುಗಿರುತ್ತವೆ. ಬೆಳಕು ಚೆದುರದೆ ಒಂದೇ ಕಡೆಗೆ ಹೊಳೆಯುತ್ತದೆ. 180 ಡಿಗ್ರಿಯಲ್ಲಿ ಎಳೆದಿದ್ದರೂ ಹೊಳಪು, 230ರಲ್ಲಿ ಎಳೆದಿದ್ದರೂ ಹೊಳಪು. ಕನ್ನಡಿ ಮುಂದೆ ಕೂತವರಿಗೂ ಗೊತ್ತಾಗುವುದಿಲ್ಲ, ಹಿಂದೆ ನಿಂತವರಿಗೂ ಗೊತ್ತಾಗುವುದಿಲ್ಲ. ಪರೀಕ್ಷೆಯ ಫಲಿತಾಂಶ ಬರುವುದು ಎರಡು ವಾರ ಬಿಟ್ಟು, ಮನೆಯ ಬಚ್ಚಲಲ್ಲಿ. ಬೇರೆ ಯಾವ ಕಸುಬಿನಲ್ಲೂ ಇಷ್ಟು ತಡವಾಗಿ ತಪ್ಪು ಗೊತ್ತಾದರೆ ಕೈ ಪಳಗುವುದು ಕಷ್ಟ.

ಇದರ ಜೊತೆ ಲೆಕ್ಕವೂ ಬೆಳೆಯುತ್ತದೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ ಅಂದುಕೊಳ್ಳಿ. ಹಾಗಾದರೆ 36 ಸೆಂಟಿಮೀಟರ್ ಉದ್ದದ ಕೂದಲಿನ ತುದಿಗೆ ಮೂರು ವರ್ಷ ವಯಸ್ಸು. ಎರಡು ವಾರಕ್ಕೊಮ್ಮೆ ಪ್ರೆಸ್ ಮಾಡಿಸಿದರೆ ಆ ತುದಿ 78 ಸಲ ಕಾದಿರುತ್ತದೆ. ಬುಡದ ಕೂದಲು ಕಾದಿರುವುದು ಒಂದೇ ಸಲ. ಇವೆರಡಕ್ಕೂ ಒಂದೇ ಬಿಸಿ ಇಟ್ಟರೆ ನ್ಯಾಯವೇ? ಒಳ್ಳೆಯ ಕೆಲಸಗಾರರು ತುದಿಗೆ ಬಂದಾಗ ಬೇಗ ಜಾರಿಸಿಬಿಡುತ್ತಾರೆ.

ಹಾಗಾದರೆ ಎಷ್ಟು ಡಿಗ್ರಿ ಸರಿ? ಎಲ್ಲರೂ ಕೇಳುವ ಪ್ರಶ್ನೆ, ಒಂದೇ ಉತ್ತರ ಇಲ್ಲ. ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರ್ ತಹಿರಾ ರೀಡ್ ಮತ್ತು ಶಾಖ ವರ್ಗಾವಣೆಯ ತಜ್ಞೆ ಏಮಿ ಮಾರ್ಕೊನೆಟ್ ಆಫ್ರಿಕನ್ ಅಮೆರಿಕನ್ನರ ಕೂದಲಿನ ಮೇಲೆ ಬಿಸಿ ಏನು ಮಾಡುತ್ತದೆ ಎಂದು ಲ್ಯಾಬ್‌ನಲ್ಲಿ ಅಳೆಯಲು ಹೊರಟರು. ಅಂದಾಜಿನ ಮೇಲೆ ನಡೆಯುತ್ತಿದ್ದ ಕಸುಬನ್ನು ಎಂಜಿನಿಯರಿಂಗ್ ಪ್ರಶ್ನೆ ಅಂತ ನೋಡಿದ್ದೇ ದೊಡ್ಡ ವಿಷಯ. ಯಾಕೆಂದರೆ ಡಯಲ್ ಮೇಲಿನ ಅಂಕಿ ಒಂದೇ ಲೆಕ್ಕಕ್ಕೆ ಬರುವುದಿಲ್ಲ. ಎಷ್ಟು ಹೊತ್ತು ತಾಗಿತು, ಎಷ್ಟು ಸಲ ಎಳೆದರು, ಎಷ್ಟು ದಪ್ಪ ಕೂದಲನ್ನು ಒಟ್ಟಿಗೆ ಹಿಡಿದರು, ಇವೂ ಸೇರುತ್ತವೆ. ದಪ್ಪಗೆ ಹಿಡಿದರೆ ನಡುವಿನ ಎಳೆಗಳಿಗೆ ಬಿಸಿ ಮುಟ್ಟುವುದಿಲ್ಲ, ಮತ್ತೆ ಎಳೆಯುತ್ತಾರೆ, ಹೊರಗಿನ ಎಳೆಗಳು ಎರಡೆರಡು ಸಲ ಬೇಯುತ್ತವೆ. ‘ಕಡಿಮೆ ಬಿಸಿ ಇಡಿ’ ಅನ್ನುವ ಸಲಹೆ ಇದರಿಂದಲೇ ಅರ್ಧ ಸರಿ. ಕಡಿಮೆ ಬಿಸಿಯಲ್ಲಿ ಐದು ಸಲ ಎಳೆಯುವುದಕ್ಕಿಂತ, ತೆಳು ಭಾಗ ಹಿಡಿದು ಸ್ವಲ್ಪ ಹೆಚ್ಚು ಬಿಸಿಯಲ್ಲಿ ಒಂದೇ ಸಲ ಎಳೆಯುವುದು ಮೇಲು ಅಂತ ನನ್ನ ಅಭಿಪ್ರಾಯ. ಆದರೆ ಬಣ್ಣ ಅಥವಾ ಬ್ಲೀಚ್ ಹಾಕಿದ ಕೂದಲಿಗೆ, ನವಿರು ಕೂದಲಿಗೆ ಈ ಮಾತು ಅನ್ವಯಿಸುವುದಿಲ್ಲ. ಅಲ್ಲಿ ಬಿಸಿ ಇಳಿಸಲೇಬೇಕು.

ಅನುಮಾನ ಇದ್ದರೆ ಸುಮ್ನೆ ಒಂದು ಕೆಲಸ ಮಾಡಿಸಿ. ಕಿವಿಯ ಹಿಂದಿನ ಸಣ್ಣ ಕುಚ್ಚು ಹಿಡಿದು ಐರನ್ ಎಳೆಯಲಿ, ಆಮೇಲೆ ಅದನ್ನು ನೀರಿನಲ್ಲಿ ನೆನೆಸಲಿ. ಐದು ನಿಮಿಷದಲ್ಲಿ ಅದು ಮತ್ತೆ ಸುತ್ತಿಕೊಳ್ಳುವುದೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಅಮೆರಿಕದ ಚರ್ಮವೈದ್ಯರ ಅಕಾಡೆಮಿ ಇಂಥ ಕೂದಲಿಗೆ ವಾರಕ್ಕೊಮ್ಮೆಗಿಂತ ಹೆಚ್ಚು ಪ್ರೆಸ್ ಬೇಡ ಅನ್ನುತ್ತದೆ. ಹೀಟ್ ಪ್ರೊಟೆಕ್ಟೆಂಟ್ ಹಚ್ಚಲೂ ಹೇಳುತ್ತದೆ. ಅದರಲ್ಲಿರುವ ಸಿಲಿಕೋನ್ ಬಿಸಿ ಒಳಗಿಳಿಯುವುದನ್ನು ನಿಧಾನ ಮಾಡುತ್ತದೆ, ತಡೆಯುವುದಿಲ್ಲ. ಅದರ ಬದಲು ಕೊಬ್ಬರಿ ಎಣ್ಣೆ ಸಾಕಲ್ವಾ ಅನ್ನುವವರಿದ್ದಾರೆ. ತಲೆ ತೊಳೆಯುವಾಗ ಆಗುವ ಪ್ರೋಟೀನ್ ನಷ್ಟವನ್ನು ಕೊಬ್ಬರಿ ಎಣ್ಣೆ ಕಡಿಮೆ ಮಾಡುತ್ತದೆ ಎಂದು 2003ರಲ್ಲಿ ಭಾರತದ ಸಂಶೋಧಕರೇ ತೋರಿಸಿದ್ದಾರೆ. ಅದು ಸ್ನಾನಕ್ಕೆ ಮುಂಚಿನ ಮಾತು. ಎಣ್ಣೆ ಸುರಿದ ಕೂದಲ ಮೇಲೆ ಕಾದ ಐರನ್ ಇಟ್ಟರೆ ಎಣ್ಣೆಯೂ ಕಾಯುತ್ತದೆ, ಹೊಗೆಯೂ ಏಳುತ್ತದೆ.

ಡ್ರೈಯರ್ ಬಗ್ಗೆ ಮಾತ್ರ ಜನ ಸುಮ್ಮನೆ ಜಾಸ್ತಿ ಹೆದರುತ್ತಾರೆ. 2011ರ ಒಂದು ಕೊರಿಯನ್ ಅಧ್ಯಯನದಲ್ಲಿ ಡ್ರೈಯರ್ ಹತ್ತಿರ ಹಿಡಿದಷ್ಟೂ ಕೂದಲಿನ ಮೇಲ್ಮೈ ಹಾಳಾಯಿತು, ನಿಜ. ಆದರೆ ತಾನಾಗಿ ಒಣಗಲು ಬಿಟ್ಟ ಕೂದಲಿನಲ್ಲಿ ಕೋಶಗಳ ನಡುವಿನ ಅಂಟು ಪದರಕ್ಕೆ ಪೆಟ್ಟಾಗಿತ್ತು. ಬಹಳ ಹೊತ್ತು ಒದ್ದೆಯಾಗಿರುವುದೂ ಒಳ್ಳೆಯದಲ್ಲ. ಹದಿನೈದು ಸೆಂಟಿಮೀಟರ್ ದೂರದಲ್ಲಿ ಹಿಡಿದು ಆಡಿಸುತ್ತಾ ಒಣಗಿಸುವುದೇ ಲೇಸು ಅಂತ ಅವರು ತೀರ್ಮಾನಿಸಿದರು.

ಬಿಸಿಯ ಮೇಲೆ ಸುಳ್ಳು ಆಪಾದನೆ ಬಿದ್ದದ್ದೂ ಉಂಟು. ಕಪ್ಪು ಮಹಿಳೆಯರಲ್ಲಿ ನಡುನೆತ್ತಿಯಿಂದ ಕೂದಲು ಉದುರಿ, ಆ ಜಾಗ ಕಲೆಗಟ್ಟುವ ಕಾಯಿಲೆಯೊಂದಿದೆ. 1968ರಲ್ಲಿ ವೈದ್ಯರು ಅದಕ್ಕೆ ‘ಹಾಟ್ ಕೋಂಬ್ ಅಲೋಪೀಶಿಯ’ ಎಂದು ಹೆಸರಿಟ್ಟು ಕಾದ ಬಾಚಣಿಗೆಯನ್ನೇ ದೂರಿದರು. ಬಾಚಣಿಗೆ ಮುಟ್ಟದವರಿಗೂ ಅದು ಬರುತ್ತದೆ ಅಂತ ಆಮೇಲೆ ತಿಳಿದು ಹೆಸರು ಬದಲಾಯಿತು. 2019ರಲ್ಲಿ ಅಂಥ ಮಹಿಳೆಯರನ್ನು ಪರೀಕ್ಷಿಸಿದಾಗ ಸುಮಾರು ಕಾಲು ಭಾಗ ಜನರಲ್ಲಿ ಪಿಎಡಿಐ3 ಎಂಬ ಜೀನ್‌ನಲ್ಲಿ ವ್ಯತ್ಯಾಸ ಕಂಡಿತು. ಕೂದಲು ರೂಪುಗೊಳ್ಳುವುದಕ್ಕೆ ಬೇಕಾದ ಜೀನ್ ಅದು. ನೆತ್ತಿಯ ಕಾಯಿಲೆಯೇ ಬೇರೆ, ಐರನ್‌ನಿಂದ ಕೆಟ್ಟ ಎಳೆಯೇ ಬೇರೆ. ಎಳೆ ನಿರ್ಜೀವ, ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುವುದಿಲ್ಲ. ಯಾವ ಮಾಸ್ಕ್, ಯಾವ ಪ್ರೋಟೀನ್ ಪ್ಯಾಕ್ ಹಚ್ಚಿದರೂ ಕುಸಿದ ಸುರುಳಿ ಎದ್ದು ಕೂರುವುದಿಲ್ಲ, ಕತ್ತರಿ ಹಾಕಬೇಕು ಅಷ್ಟೆ. ಗುಂಗುರಿನ ಅಚ್ಚು ಇರುವುದು ಬುಡದ ಬಾಗಿದ ಕುಳಿಯಲ್ಲಿ. ಹೊಸದಾಗಿ ಹುಟ್ಟುವ ಕೂದಲು ಗುಂಗುರಾಗಿಯೇ ಹುಟ್ಟುತ್ತದೆ.

ನಮ್ಮಲ್ಲೂ ಇಂಥ ಕೂದಲು ಇದೆ. ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆಯ ಸಿದ್ದಿ ಸಮುದಾಯದವರ ಮೂಲವೇ ಆಫ್ರಿಕ. ಸಡಿಲ ಗುಂಗುರಂತೂ ಪ್ರತಿ ಊರಲ್ಲಿ ಕಾಣುತ್ತದೆ. ಆದರೆ ಬೆಂಗಳೂರಿನ ಸಲೂನ್‌ಗಳಲ್ಲಿ ಸಿಲ್ಕ್ ಪ್ರೆಸ್‌ಗಿಂತ ‘ಕೆರಾಟಿನ್ ಟ್ರೀಟ್‌ಮೆಂಟ್’ ಹೆಸರೇ ಜಾಸ್ತಿ ಕೇಳುತ್ತದೆ. ಅಲ್ಲಿ ಬಿಸಿಗೆ ಇನ್ನೊಂದು ಕೆಲಸ ಇದೆ. ಹಚ್ಚಿದ ಕ್ರೀಮನ್ನು ಕೂದಲಿಗೆ ಕೂರಿಸಲು 200 ಡಿಗ್ರಿ ದಾಟಿದ ಐರನ್ನನ್ನು ಒಂದೇ ಎಳೆಯ ಮೇಲೆ ಮತ್ತೆ ಮತ್ತೆ ಎಳೆಯುತ್ತಾರೆ. ಇಂಥ ಅನೇಕ ಕ್ರೀಮ್‌ಗಳಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ, ಇಲ್ಲವೇ ಕಾದಾಗ ಹುಟ್ಟುತ್ತದೆ. ಅದು ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಪಟ್ಟಿ ಮಾಡಿದೆ. ಕಣ್ಣುರಿ, ಗಂಟಲುರಿ ಬರುವುದು ಇದರಿಂದಲೇ. ಮಾಡಿಸಿಕೊಳ್ಳುವವರು ವರ್ಷಕ್ಕೆ ಒಂದೆರಡು ಸಲ ಆ ಹೊಗೆ ಕುಡಿದರೆ, ಐರನ್ ಹಿಡಿದ ಹುಡುಗ ಹುಡುಗಿಯರು ದಿನವೂ ಕುಡಿಯುತ್ತಾರೆ. ಅವರು ಹಾಕಿಕೊಳ್ಳುವ ಬಟ್ಟೆಯ ಮಾಸ್ಕ್ ಈ ಅನಿಲವನ್ನು ತಡೆಯುವುದಿಲ್ಲ. ಕಿಟಕಿ ತೆರೆದಿರಬೇಕು, ಕುರ್ಚಿಯ ಹತ್ತಿರವೇ ಹೊಗೆ ಎಳೆಯುವ ಫ್ಯಾನ್ ಓಡುತ್ತಿರಬೇಕು.