ಹೊಕ್ಕಿದ್ದೆಲ್ಲ ಹೊಂದುವುದಿಲ್ಲ

1930ರಲ್ಲಿ ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿ ಒಂದು ದಪ್ಪನೆಯ ರಿವಾಲ್ವರ್ ಹೊರತಂದಿತು. ಅಲ್ಲಿನ ದರೋಡೆಕೋರರು ಕಾರುಗಳಲ್ಲಿ ಪರಾರಿಯಾಗುತ್ತಿದ್ದ ಕಾಲ ಅದು. ಪೊಲೀಸರ ಬಳಿ ಇದ್ದ .38 ಸ್ಪೆಷಲ್ ಗುಂಡು (ಇಂಥ ಅಂಕಿ ಗುಂಡಿನ ದಪ್ಪವನ್ನು ಸುಮಾರಾಗಿ ಇಂಚಿನಲ್ಲಿ ಹೇಳುತ್ತದೆ) ಕಾರಿನ ತಗಡಿನ ಮುಂದೆ ಸೋಲುತ್ತಿತ್ತು. ಹಾಗಾಗಿ ಅದೇ ಅಳತೆಯ ತೋಟಾದಲ್ಲಿ ಮದ್ದಿನ ಜೋರು ಹೆಚ್ಚಿಸಿದರು. ಆ ಜೋರನ್ನು ತಡೆಯಲಿ ಎಂದು .44 ಗುಂಡಿಗಾಗಿ ಮಾಡಿದ್ದ ದೊಡ್ಡ ಚೌಕಟ್ಟಿನ ಮೇಲೆ ಹೊಸ ರಿವಾಲ್ವರ್ ಕಟ್ಟಿದರು. ಗುಂಡು ಜೋರು, ಬಂದೂಕೂ ಗಟ್ಟಿ. ಆದರೆ ಒಂದು ತೊಂದರೆ ಉಳಿದೇ ಬಿಟ್ಟಿತು. ಆ ಜೋರಿನ ತೋಟಾ ಜನರ ಜೇಬಿನಲ್ಲಿದ್ದ ಚಿಕ್ಕ, ತೆಳ್ಳಗಿನ .38 ರಿವಾಲ್ವರ್‌ಗಳಲ್ಲೂ ಸಲೀಸಾಗಿ ಕೂರುತ್ತಿತ್ತು.

ಐದು ವರ್ಷದ ನಂತರ, 1935ರಲ್ಲಿ, ಇದಕ್ಕೆ ಒಂದು ಚಂದದ ಪರಿಹಾರ ಬಂತು. ಇನ್ನೂ ಜೋರಿನ .357 ಮ್ಯಾಗ್ನಂ ತೋಟಾ ಮಾಡುವಾಗ ಅದರ ಹಿತ್ತಾಳೆ ಕೋಶವನ್ನು ಮೂರು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ಉದ್ದ ಮಾಡಿದರು. ಹೆಸರು ಬೇರೆಯಾದರೂ ಎರಡರ ಗುಂಡಿನ ದಪ್ಪ ಒಂದೇ. ಆದರೆ ಉದ್ದದ ತೋಟಾ .38 ರಿವಾಲ್ವರ್‌ನ ಸಿಲಿಂಡರಿನೊಳಗೆ, ಅಂದರೆ ತೋಟಾಗಳು ಕೂರುವ ತಿರುಗುವ ಉರುಳೆಯೊಳಗೆ, ಪೂರ್ತಿ ಇಳಿಯುವುದಿಲ್ಲ. ಹಿಂದೆ ಚಾಚಿಕೊಳ್ಳುತ್ತದೆ, ಸಿಲಿಂಡರ್ ಮುಚ್ಚುವುದೇ ಇಲ್ಲ. .357 ರಿವಾಲ್ವರಿಗೆ .38 ಹಾಕಬಹುದು, .38ಕ್ಕೆ .357 ಹಾಕಲಾಗದು. ಓದು ಬರಹ ಬಾರದವನ ಕೈಯನ್ನೂ, ಕತ್ತಲಲ್ಲಿ ತಡಕಾಡುವವನ ಕೈಯನ್ನೂ ಆ ಮೂರು ಮಿಲಿಮೀಟರ್ ತಡೆಯುತ್ತದೆ. ಬಂದೂಕಿನ ಚರಿತ್ರೆಯಲ್ಲಿ ನನಗೆ ತುಂಬ ಇಷ್ಟವಾದ ಕೆಲಸ ಇದು. ಕೊಲ್ಲುವ ಶಕ್ತಿ ಹೆಚ್ಚಿಸಿದವರೇ ಹಿಡಿದ ಕೈಯನ್ನು ಕಾಯುವ ಬೀಗವನ್ನೂ ಇಟ್ಟರು.

ಈ ಬೀಗ ಎಲ್ಲ ಕಡೆ ಇಲ್ಲ. ನಾನು ಬರೆಯಲು ಕೂತಿರುವುದು ಅದರ ಬಗ್ಗೆಯೇ.

ಮೊದಲು ಒಳಗೆ ಏನು ನಡೆಯುತ್ತದೆ ನೋಡೋಣ. ತೋಟಾ ಎಂದರೆ ಒಂದು ಹಿತ್ತಾಳೆ ಕೋಶ. ತಳದಲ್ಲಿ ಕೇಪು, ಹೊಟ್ಟೆಯಲ್ಲಿ ಮದ್ದು, ಬಾಯಲ್ಲಿ ಗುಂಡು. ಟ್ರಿಗರ್ ಎಳೆದಾಗ ಕೇಪಿಗೆ ಪೆಟ್ಟು ಬಿದ್ದು ಕಿಡಿ ಹಾರುತ್ತದೆ. ಮದ್ದು ಉರಿದು ಅನಿಲವಾಗುತ್ತದೆ. ಆ ಅನಿಲಕ್ಕೆ ಹೋಗಲು ಜಾಗವಿಲ್ಲ, ಆದ್ದರಿಂದ ಗುಂಡನ್ನು ನಳಿಗೆಯಲ್ಲಿ ನೂಕುತ್ತದೆ. ಇದೆಲ್ಲ ಒಂದು ಸೆಕೆಂಡಿನ ಸಾವಿರದ ಒಂದು ಭಾಗದ ಆಸುಪಾಸಿನಲ್ಲಿ ಮುಗಿದುಹೋಗುತ್ತದೆ.

ಒತ್ತಡ ಎಷ್ಟು? ಪೆಟ್ರೋಲ್ ಬಂಕಿನಲ್ಲಿ ಕಾರಿನ ಟೈರಿಗೆ ಗಾಳಿ ಹಾಕಿಸುವಾಗ 35 ಎನ್ನುತ್ತೇವೆ ಅಲ್ವಾ? ಅದು 35 ಪಿಎಸ್‌ಐ, ಅಂದರೆ ಒಂದು ಚದರ ಇಂಚಿನ ಮೇಲೆ 35 ಪೌಂಡು. 9 ಎಂಎಂ ಪಿಸ್ತೂಲಿನ ತೋಟಾಕ್ಕೆ ಅಮೆರಿಕದ ತಯಾರಕರ ಸಂಸ್ಥೆ ಸಾಮಿ ಹಾಕಿರುವ ಮಿತಿ 35,000 ಪಿಎಸ್‌ಐ. ಟೈರಿನ ಸಾವಿರ ಪಟ್ಟು! ಒಂದು ಚದರ ಇಂಚು ಎಂದರೆ ಒಂದು ಅಂಚೆಚೀಟಿಯಷ್ಟು ಜಾಗ. ಅದರ ಮೇಲೆ ಸುಮಾರು 16 ಟನ್ ಭಾರ, ಮೈಸೂರು ದಸರೆಯ ಮೂರು ದೊಡ್ಡ ಆನೆಗಳು ಒಟ್ಟಿಗೆ ನಿಂತ ಹಾಗೆ. ಅಡುಗೆಮನೆಯ ಕುಕ್ಕರ್ ಕೂಗುವಾಗ ಒಳಗೆ ಹೆಚ್ಚುವರಿ ಒತ್ತಡ ಸುಮಾರು 15 ಪಿಎಸ್‌ಐ ಅಷ್ಟೇ. ಆ 15ಕ್ಕೇ ನಾವು ಸೀಟಿ ಇಟ್ಟು, ಅದು ಕೈಕೊಟ್ಟರೆ ಇರಲಿ ಎಂದು ಸೇಫ್ಟಿ ವಾಲ್ವನ್ನೂ ಇಟ್ಟಿದ್ದೇವೆ. ಪಿಸ್ತೂಲಿಗೆ ಸೀಟಿಯೂ ಇಲ್ಲ, ವಾಲ್ವೂ ಇಲ್ಲ. ಹೆಚ್ಚಾದ ಒತ್ತಡ ಉಕ್ಕನ್ನೇ ಸೀಳಿ ಹೊರಬರಬೇಕು.

ಮದ್ದಿನ ಸ್ವಭಾವ ಇಲ್ಲಿ ಮುಖ್ಯ. ಒಲೆಗೆ ಎರಡು ಪಟ್ಟು ಸೌದೆ ಹಾಕಿದರೆ ಬೆಂಕಿ ಜೋರಾಗುತ್ತದೆ, ಆದರೆ ಒಲೆ ಸಿಡಿಯುವುದಿಲ್ಲ. ಹೊಗೆ ಬಾರದ ಮದ್ದು ಹಾಗಲ್ಲ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಈ ಬಗೆಯ ಮದ್ದನ್ನು ಸೇನೆಗೆ ಒಗ್ಗುವ ಹಾಗೆ ಮಾಡಿಕೊಟ್ಟರು. ಸುತ್ತಲಿನ ಒತ್ತಡ ಹೆಚ್ಚಿದಷ್ಟೂ ಅದು ಬೇಗ ಉರಿಯುತ್ತದೆ. ಬೇಗ ಉರಿದರೆ ಅನಿಲ ಹೆಚ್ಚುತ್ತದೆ, ಅನಿಲ ಹೆಚ್ಚಿದರೆ ಒತ್ತಡ ಏರುತ್ತದೆ, ಒತ್ತಡ ಏರಿದರೆ ಇನ್ನೂ ಬೇಗ ಉರಿಯುತ್ತದೆ. ಹಾಗಾಗಿ ಮದ್ದು ಎರಡರಷ್ಟಾದರೆ ಒತ್ತಡ ಎರಡರಷ್ಟಕ್ಕೆ ನಿಲ್ಲುವುದಿಲ್ಲ. ಮದ್ದು ಅಷ್ಟೇ ಇದ್ದು ಜಾಗ ಕಿರಿದಾದರೂ ಅದೇ ಕತೆ. ಒಂದೇ ತೋಟಾವನ್ನು ಪಿಸ್ತೂಲಿಗೆ ಮತ್ತೆ ಮತ್ತೆ ತುಂಬಿ ತೆಗೆದರೆ ಗುಂಡಿನ ಮೂತಿ ತಗುಲಿ ತಗುಲಿ ಅದು ಕೋಶದೊಳಗೆ ಸ್ವಲ್ಪ ಕುಸಿಯುತ್ತದೆ. ಕಣ್ಣಿಗೆ ಸರಿಯಾಗಿ ಕಾಣದಷ್ಟು ಕುಸಿತ ಸಾಕು, ಒತ್ತಡ ಗಾಬರಿಯಾಗುವಷ್ಟು ಏರುತ್ತದೆ. ದಿನಾ ರಾತ್ರಿ ಪಿಸ್ತೂಲು ಖಾಲಿ ಮಾಡಿ ಬೆಳಗ್ಗೆ ಅದೇ ಮೇಲಿನ ತೋಟಾ ತುಂಬುವವರು ಇದನ್ನು ಗಮನಿಸಬೇಕು. ಪಕ್ಕದಲ್ಲಿ ಹೊಸ ತೋಟಾ ಇಟ್ಟು ಉದ್ದ ಹೋಲಿಸಿದರೆ ಗೊತ್ತಾಗುತ್ತದೆ. ಗಿಡ್ಡವಾಗಿದ್ದರೆ ಅದನ್ನು ಬಳಸಬಾರದು.

ಈಗ ಬೀಗ ಇಲ್ಲದ ಕಡೆಗಳಿಗೆ ಬರೋಣ. .38 ಸ್ಪೆಷಲ್‌ನ ಮಿತಿ 17,000 ಪಿಎಸ್‌ಐ. ಅದರದೇ ಜೋರಿನ ರೂಪ 'ಪ್ಲಸ್ ಪಿ', ಮಿತಿ 20,000. 9 ಎಂಎಂನಲ್ಲೂ ಪ್ಲಸ್ ಪಿ ಇದೆ, 38,500. ಎರಡರ ಉದ್ದ, ದಪ್ಪ, ಅಂಚು ಎಲ್ಲ ಸಾದಾ ತೋಟಾದ ಹಾಗೆಯೇ. ಕೈಗೆ ವ್ಯತ್ಯಾಸ ತಿಳಿಯದು. ಗೊತ್ತಾಗುವುದು ಕೋಶದ ತಳದಲ್ಲಿ ಒತ್ತಿರುವ ಪುಟ್ಟ ಅಕ್ಷರಗಳಿಂದ ಮಾತ್ರ. ಪ್ಲಸ್ ಪಿ ಹಾಕಿದ ತಕ್ಷಣ ಹಳೆಯ ರಿವಾಲ್ವರ್ ಸಿಡಿಯುತ್ತದೆ ಎಂದಲ್ಲ. ಮೋಸ ಇರುವುದೇ ಅಲ್ಲಿ. 'ಮೊನ್ನೆ ಹತ್ತು ಹೊಡೆದೆ, ಏನೂ ಆಗಲಿಲ್ಲ' ಎನ್ನುತ್ತಾರೆ. ಉಕ್ಕು ಒಂದು ಮಿತಿಯವರೆಗೆ ಹಿಗ್ಗಿ ಮತ್ತೆ ಮೊದಲಿನಂತಾಗುತ್ತದೆ. ಮಿತಿ ದಾಟಿದರೆ ಹಿಗ್ಗಿದ್ದು ಹಿಗ್ಗಿದ ಹಾಗೇ ಉಳಿಯುತ್ತದೆ. ಮಿತಿಯ ಹತ್ತಿರ ಪದೇ ಪದೇ ಹೋಗಿಬಂದರೂ ಕೂದಲೆಳೆಯ ಬಿರುಕು ಹುಟ್ಟಿ, ಪ್ರತಿ ಹೊಡೆತಕ್ಕೂ ಒಂದಿಷ್ಟು ಬೆಳೆಯುತ್ತದೆ. ಒಡೆಯುವ ದಿನ ಹಾಕಿದ್ದ ತೋಟಾಕ್ಕೆ ಅಪವಾದ ಬರುತ್ತದೆ. ತಪ್ಪು ನಡೆದದ್ದು ಎಷ್ಟೋ ತಿಂಗಳ ಹಿಂದೆ.

ಮೌಸರ್ ಮತ್ತು ಟೊಕರೆವ್ ಕತೆ ಇನ್ನೂ ಸೂಕ್ಷ್ಮ. ಜರ್ಮನಿಯ ಮೌಸರ್ 1896ರಲ್ಲಿ ತಂದ ಪಿಸ್ತೂಲಿನ ತೋಟಾ 7.63 ಎಂಎಂ. ಸೋವಿಯತ್ ಒಕ್ಕೂಟದವರು ಅದನ್ನೇ ಮಾದರಿಯಾಗಿಟ್ಟುಕೊಂಡು ಟೊಕರೆವ್ ಪಿಸ್ತೂಲಿನ 7.62 ಎಂಎಂ ತೋಟಾ ಮಾಡಿದರು. ಒಂದರ ಮನೆಯಲ್ಲಿ, ಅಂದರೆ ತೋಟಾ ಕೂರುವ ಗೂಡಿನಲ್ಲಿ, ಇನ್ನೊಂದು ಕೂರುತ್ತದೆ. ಆದರೆ ಟೊಕರೆವ್ ತೋಟಾಗಳಲ್ಲಿ ಸಾಮಾನ್ಯವಾಗಿ ಜೋರು ಜಾಸ್ತಿ. ನೂರು ವರ್ಷ ದಾಟಿದ ಮೌಸರ್‌ಗೆ ಅದನ್ನು ಹಾಕುವುದು ಅಜ್ಜನ ಬೆನ್ನ ಮೇಲೆ ಅಕ್ಕಿ ಮೂಟೆ ಹೇರಿದ ಹಾಗೆ. ಅಮೆರಿಕದಲ್ಲಿ 1873ರ ಕೋಲ್ಟ್ ರಿವಾಲ್ವರ್‌ಗೂ ಇದೇ ಅಪಾಯ. ಅದು ಹೊಗೆ ಕಾರುವ ಕಪ್ಪು ಮದ್ದಿನ ಕಾಲದ್ದು. ಅದರ .45 ಕೋಲ್ಟ್ ತೋಟಾದ ಮಿತಿ ಇವತ್ತಿಗೂ 14,000 ಪಿಎಸ್‌ಐ ಮಾತ್ರ. ಈಗಿನ ಗಟ್ಟಿ ರಿವಾಲ್ವರ್‌ಗಳಿಗೆಂದೇ ಮಾಡಿದ ಜೋರಿನ .45 ಕೋಲ್ಟ್ ತೋಟಾವೂ ಸಿಗುತ್ತದೆ. ಎರಡೂ ಒಂದೇ ಅಳತೆ.

ನಮ್ಮಲ್ಲಿ 9 ಎಂಎಂ ಪಿಸ್ತೂಲು ಸಾಮಾನ್ಯ ಲೈಸೆನ್ಸ್‌ದಾರರಿಗೆ ಸಿಗುವುದಿಲ್ಲ, ಅದು ನಿಷೇಧಿತ ಬೋರು. ಲೈಸೆನ್ಸ್ ಇರುವವರಲ್ಲಿ ಹೆಚ್ಚಾಗಿ ಕಾಣುವುದು .32. ಕಾನ್ಪುರದಲ್ಲಿ ತಯಾರಾಗುವ ಸರ್ಕಾರಿ ಕಾರ್ಖಾನೆಯ ರಿವಾಲ್ವರ್ .32. 2014ರಲ್ಲಿ ಹೆಣ್ಣುಮಕ್ಕಳಿಗೆಂದು ತಂದ ಹಗುರದ ನಿರ್ಭೀಕ್ ಕೂಡ .32. ಪಿಸ್ತೂಲಿನಲ್ಲೂ .32 ಇದೆ. ಗೊಂದಲ ಇಲ್ಲೇ. ರಿವಾಲ್ವರ್‌ನ .32 ಎಂದರೆ .32 ಸ್ಮಿತ್ ಅಂಡ್ ವೆಸನ್ ಲಾಂಗ್, ಮಿತಿ 15,000 ಪಿಎಸ್‌ಐ. ಪಿಸ್ತೂಲಿನ .32 ಬೇರೆಯೇ ತೋಟಾ, 7.65 ಎಂಎಂ ಎಂದೂ ಕರೆಯುತ್ತಾರೆ, ಮಿತಿ 20,500. ಪಿಸ್ತೂಲಿನದು ಗಿಡ್ಡ. ಅದರ ತಳದ ಅಂಚು ಸ್ವಲ್ಪವೇ ಹೊರಚಾಚಿದೆ, ಆದರೂ ಎಷ್ಟೋ ರಿವಾಲ್ವರ್‌ಗಳ ಮನೆಯಲ್ಲಿ ಬೀಳದೆ ನಿಲ್ಲುತ್ತದೆ. ಉದ್ದದ್ದಾಗಿದ್ದರೆ ಸಿಲಿಂಡರ್ ಬೇಡ ಎನ್ನುತ್ತಿತ್ತು. ಗಿಡ್ಡದ್ದಕ್ಕೆ ಬೇಡ ಎನ್ನುವುದಿಲ್ಲ. '.32 ಕೊಡಿ' ಎಂದರೆ ಸಾಲದು. ಯಾವ .32 ಎಂದು ಹೇಳಬೇಕು, ತಂದ ಮೇಲೆ ಡಬ್ಬಿಯನ್ನೂ ತಳದ ಅಕ್ಷರವನ್ನೂ ಓದಬೇಕು. ಅಮೆರಿಕದಲ್ಲಿ ಇದೇ ದಪ್ಪದಲ್ಲಿ 1984ರಲ್ಲಿ .32 ಮ್ಯಾಗ್ನಂ, ಆಮೇಲೆ .327 ಫೆಡರಲ್ ಮ್ಯಾಗ್ನಂ ಬಂದವು. ಎರಡನೆಯದರ ಮಿತಿ 45,000, ಹಳೆಯ .32ರ ಮೂರು ಪಟ್ಟು. ಸದ್ಯ, ಅಲ್ಲಿ 1935ರ ಪಾಠ ಮರೆತಿರಲಿಲ್ಲ. ಒಂದೊಂದನ್ನೂ ಹಿಂದಿನದಕ್ಕಿಂತ ಉದ್ದ ಮಾಡಿದರು.

ಒಡೆದರೆ ಹೇಗೆ ಒಡೆಯುತ್ತದೆ? ರಿವಾಲ್ವರ್‌ನ ಸಿಲಿಂಡರಿನಲ್ಲಿ ಮನೆಯ ಹೊರಗೋಡೆ ತೆಳ್ಳಗೆ. ಸಿಲಿಂಡರ್ ಸರಿಯಾದ ಜಾಗದಲ್ಲಿ ನಿಲ್ಲಲೆಂದು ಕೊರೆದ ಕಚ್ಚು ಎಷ್ಟೋ ರಿವಾಲ್ವರ್‌ಗಳಲ್ಲಿ ಆ ತೆಳು ಗೋಡೆಯ ಮೇಲೆಯೇ ಬರುತ್ತದೆ. ಸೀಳು ಶುರುವಾಗುವುದು ಇಂಥ ಕಡೆ. ಸಿಡಿದ ಮನೆಯ ಜೊತೆಗೆ ಅಕ್ಕಪಕ್ಕದ ಮನೆಗಳೂ ಬಾಯಿ ಬಿಡುತ್ತವೆ, ಮೇಲಿನ ಪಟ್ಟಿ ಬಾಗುತ್ತದೆ ಅಥವಾ ಕಿತ್ತು ಹಾರುತ್ತದೆ. ಪಿಸ್ತೂಲಿನಲ್ಲಿ ಮೊದಲು ಸೋಲುವುದು ಸಾಮಾನ್ಯವಾಗಿ ಹಿತ್ತಾಳೆ ಕೋಶ. ತೋಟಾ ಒಳಗೆ ಜಾರಲೆಂದು ಇಳಿಜಾರು ಕೊರೆದ ಕಡೆ ಕೋಶದ ತಳಕ್ಕೆ ಉಕ್ಕಿನ ಆಸರೆ ಕಮ್ಮಿ. ಅಲ್ಲಿ ಹಿತ್ತಾಳೆ ಹರಿದು, ಬಿಸಿ ಅನಿಲ ಕೆಳಗೆ ನುಗ್ಗಿ, ತೋಟಾ ತುಂಬಿಡುವ ಮ್ಯಾಗಜಿನ್ ಹೊರಗೆ ಹಾರುತ್ತದೆ, ಹಿಡಿ ಬಿರಿಯುತ್ತದೆ. ಹಿಡಿಯ ಸುತ್ತ ಇರುವುದು ನಮ್ಮ ಬೆರಳುಗಳು.

ಕೆಲವೊಮ್ಮೆ ತಪ್ಪು ತೋಟಾದ್ದೋ ಉಕ್ಕಿನದೋ ಎಂದು ಹೇಳುವುದೇ ಕಷ್ಟ. ಅಮೆರಿಕದ ಸೇನೆ 1985ರಲ್ಲಿ ಇಟಲಿಯ ಬೆರೆಟಾ ಪಿಸ್ತೂಲನ್ನು ಎಂ9 ಎಂಬ ಹೆಸರಿನಲ್ಲಿ ಒಪ್ಪಿಕೊಂಡಿತು. ಎರಡೇ ವರ್ಷದಲ್ಲಿ ಅವರ ನೌಕಾಪಡೆಯ ಕಮಾಂಡೋಗಳ ಕೈಯಲ್ಲಿ ಕೆಲವು ಪಿಸ್ತೂಲುಗಳ ಸ್ಲೈಡ್ (ಪ್ರತಿ ಹೊಡೆತಕ್ಕೂ ಹಿಂದೆ ಮುಂದೆ ಸರಿಯುವ ಮೇಲಿನ ಉಕ್ಕಿನ ಭಾಗ) ತುಂಡಾಗಿ, ಹಿಂದಿನ ಅರ್ಧ ಹೊಡೆದವರ ಮುಖಕ್ಕೇ ಬಡಿಯಿತು. ಕಂಪನಿ ಗುಂಡಿನ ಅತಿಯಾದ ಒತ್ತಡದ ಕಡೆ ಬೆರಳು ತೋರಿಸಿತು. ತನಿಖೆಯಲ್ಲಿ ಸ್ಲೈಡಿನ ಉಕ್ಕಿನ ಗುಣದ ಬಗ್ಗೆಯೂ ಪ್ರಶ್ನೆ ಎದ್ದಿತು. ಜಗಳ ಬೆಳೆಯಿತು. ಆದರೆ ಕೊನೆಗೆ ಮಾಡಿದ ತಿದ್ದುಪಡಿ ನೋಡಿ: ಹ್ಯಾಮರ್‌ನ ಪಿನ್ನಿಗೆ ದೊಡ್ಡ ತಲೆ ಕೊಟ್ಟರು. ಸ್ಲೈಡ್ ಮುರಿದರೂ ಅದರ ಹಿಂಭಾಗ ಆ ತಲೆಗೆ ಸಿಕ್ಕಿ ನಿಲ್ಲುತ್ತದೆ, ಮುಖಕ್ಕೆ ಬರುವುದಿಲ್ಲ. ತಪ್ಪು ಯಾರದ್ದೇ ಇರಲಿ, ಕಣ್ಣು ಉಳಿಯಲಿ ಎನ್ನುವ ಲೆಕ್ಕ. ಇಂಥ ಎಂಜಿನಿಯರಿಂಗ್ ಕಂಡರೆ ನನಗೆ ಗೌರವ.

ಮಲೆನಾಡು, ಕೊಡಗಿನ ಮನೆಗಳಲ್ಲಿ ಪಿಸ್ತೂಲಿಗಿಂತ ಕೋವಿ ಜಾಸ್ತಿ. ಅವರಿಗೂ ಒಂದು ಮಾತು ಇಲ್ಲಿ ಹೇಳಿಬಿಡುತ್ತೇನೆ. 12 ಬೋರಿನ ಕೋವಿಗೆ ತಪ್ಪಿ 20 ಬೋರಿನ ತೋಟಾ ಹಾಕಿದರೆ ಅದು ಮುಂದಕ್ಕೆ ಜಾರಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ಮನೆ ಖಾಲಿ ಇದ್ದಂತೆ ಕಾಣುತ್ತದೆ. 12ರ ತೋಟಾ ಹಾಕಿ ಹೊಡೆದರೆ ನಳಿಗೆ ಸಿಡಿಯುವುದು ಎಡಗೈ ಹಿಡಿದಿರುವ ಜಾಗದ ಆಸುಪಾಸಿನಲ್ಲೇ. 20 ಬೋರಿನ ತೋಟಾಗಳಿಗೆ ಹಳದಿ ಬಣ್ಣ ಕೊಡುವ ರೂಢಿ ಬಂದಿದ್ದು ಇದಕ್ಕಾಗಿಯೇ.

ದಾರಿ ಕಟ್ಟಿದ ನಳಿಗೆಯ ಅಪಾಯ ಪಿಸ್ತೂಲಿನಲ್ಲೂ ಇದೆ. ತೋಟಾದಲ್ಲಿ ಮದ್ದು ಕಮ್ಮಿಯಾದರೆ, ಅಥವಾ ಇಲ್ಲವೇ ಇಲ್ಲದಿದ್ದರೆ, ಬರೀ ಕೇಪಿನ ಬಲ ಗುಂಡನ್ನು ನಳಿಗೆಯೊಳಗೆ ನೂಕಿ ಅಲ್ಲೇ ಬಿಡುತ್ತದೆ. ಕಾರ್ಖಾನೆಯ ತೋಟಾದಲ್ಲಿ ಇದು ಅಪರೂಪ. ಬಳಸಿದ ಕೋಶಕ್ಕೆ ಮತ್ತೆ ಮದ್ದು ತುಂಬುವಲ್ಲಿ ಆಗುತ್ತದೆ. ಉಲ್ಟಾ ತಪ್ಪೂ ಅಲ್ಲೇ ಆಗುತ್ತದೆ, ಒಂದಕ್ಕೇ ಎರಡು ಸಲ ಮದ್ದು. .38 ಸ್ಪೆಷಲ್ ಇದಕ್ಕೆ ಹೆಸರುವಾಸಿ. 1898ರ ಸುಮಾರಿಗೆ ಅದರ ಕೋಶವನ್ನು ಕಪ್ಪು ಮದ್ದಿನ ಅಳತೆಗೆ ದೊಡ್ಡದಾಗಿ ಮಾಡಿದ್ದರು. ಈಗಿನ ಮದ್ದು ಅದರ ತಳ ಮುಚ್ಚುವಷ್ಟೇ ಇರುತ್ತದೆ. ಎರಡು ಸಲ ಬಿದ್ದರೂ ತುಂಬಿ ಚೆಲ್ಲುವುದಿಲ್ಲ, ಕಣ್ಣಿಗೆ ಬೀಳುವುದಿಲ್ಲ.

ಸಿಕ್ಕಿಕೊಂಡ ಗುಂಡಿನ ಗುರುತು ಸದ್ದು. 'ಢಂ' ಎನ್ನಬೇಕಾದ್ದು 'ಟಪ್' ಎನ್ನುತ್ತದೆ, ಕೈಗೆ ಒದೆತ ಇಲ್ಲ. ಅಭ್ಯಾಸದ ಭರದಲ್ಲಿ ಇರುವವರು ತೋಟಾ ಸರಿಯಿಲ್ಲ ಎಂದುಕೊಂಡು ಮುಂದಿನದನ್ನು ಹೊಡೆದುಬಿಡುತ್ತಾರೆ. ಆ ಮುಂದಿನದು ನಿಂತ ಗುಂಡಿಗೆ ಬಡಿಯುತ್ತದೆ, ನಳಿಗೆ ಅಲ್ಲಿ ಬಳೆಯ ಹಾಗೆ ಉಬ್ಬುತ್ತದೆ ಅಥವಾ ಸೀಳುತ್ತದೆ. ಸದ್ದು ಸಣ್ಣದಾಯಿತೋ, ನಿಲ್ಲಿಸಿ. ನಳಿಗೆಯ ಮೂತಿಯನ್ನು ಜನರಿಲ್ಲದ ಕಡೆ ಹಿಡಿದು ಅರ್ಧ ನಿಮಿಷ ಕಾಯಿರಿ. ಆಮೇಲೆ ಪೂರ್ತಿ ಖಾಲಿ ಮಾಡಿ, ಬಿಚ್ಚಿ, ಹಿಂದಿನಿಂದ ನಳಿಗೆಯಲ್ಲಿ ಬೆಳಕು ಕಾಣುತ್ತದೆಯೇ ನೋಡಿ. ಕಾಣದಿದ್ದರೆ ಬಂದೂಕು ರಿಪೇರಿ ಮಾಡುವವರ ಬಳಿ ಹೋಗಿ. ಇನ್ನೊಂದು ಗುಂಡು ಹೊಡೆದು ಅದನ್ನು ತೆಗೆಯಲು ನೋಡಲೇಬೇಡಿ.

1993ರಲ್ಲಿ ಅಮೆರಿಕದ ವಿಲ್ಮಿಂಗ್ಟನ್ ಊರಿನಲ್ಲಿ ಒಂದು ಸಿನಿಮಾ ಚಿತ್ರೀಕರಣ ನಡೆಯುತ್ತಿತ್ತು. .44 ಮ್ಯಾಗ್ನಂ ರಿವಾಲ್ವರ್ ಹತ್ತಿರದಿಂದ ತೋರಿಸುವ ದೃಶ್ಯಕ್ಕೆ ಗುಂಡು ಕಾಣುವ ತೋಟಾ ಬೇಕಿತ್ತು. ನಿಜವಾದ ತೋಟಾಗಳಿಂದ ಮದ್ದು ಚೆಲ್ಲಿ, ಗುಂಡನ್ನು ಮತ್ತೆ ಬಾಯಿಗೆ ಸಿಕ್ಕಿಸಿದರು. ತಳದ ಕೇಪು ಹಾಗೇ ಉಳಿಯಿತು. ಯಾವಾಗಲೋ ಟ್ರಿಗರ್ ಎಳೆದಾಗ ಆ ಕೇಪು ಗುಂಡನ್ನು ನಳಿಗೆಯೊಳಗೆ ನೂಕಿತು. ಯಾರಿಗೂ ಗೊತ್ತಾಗಲಿಲ್ಲ. ಮಾರ್ಚ್ 31ರಂದು ಅದೇ ರಿವಾಲ್ವರಿಗೆ ಬರೀ ಸದ್ದು ಮಾಡುವ, ಗುಂಡಿಲ್ಲದ ತೋಟಾ ತುಂಬಿದರು. ತುಂಬುವ ಮೊದಲು ನಳಿಗೆಯನ್ನು ಬೆಳಕಿಗೆ ಹಿಡಿದು ಯಾರೂ ನೋಡಲಿಲ್ಲ. ಆ ಮದ್ದಿನ ಜೋರಿಗೆ ಒಳಗೆ ಕೂತಿದ್ದ ಗುಂಡು ಹೊರಬಂದು ನಟ ಬ್ರ್ಯಾಂಡನ್ ಲೀ ಅವರಿಗೆ ತಗುಲಿತು. ಬ್ರೂಸ್ ಲೀ ಅವರ ಮಗ. ಅದೇ ದಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರಿಗೆ 28 ವರ್ಷ.