ಜಾತ್ರೆಯಲ್ಲಿ ಬಿದ್ದ ನಗೆ ಟಾಕೀಸಿಗೇಕೆ ಬರುವುದಿಲ್ಲ?

ಬನದ ಹುಣ್ಣಿಮೆ ಹತ್ತಿರ ಬಂತೆಂದರೆ ಬಾದಾಮಿ ಬನಶಂಕರಿಯಲ್ಲಿ ನಾಟಕ ಕಂಪನಿಗಳು ಸಾಲಾಗಿ ಟೆಂಟು ಹೊಡೆಯುತ್ತವೆ. ಒಮ್ಮೆ ಮುಂದಿನ ಸಾಲಿನಲ್ಲಿ ಕೂತು ಹಾಸ್ಯ ಪಾತ್ರಧಾರಿಯೊಬ್ಬನನ್ನೇ ನೋಡಿದೆ. ಮಾತು ಎಸೆದವನೇ ಹೆಗಲ ಟವೆಲ್ ಸರಿಮಾಡಿಕೊಳ್ಳುತ್ತಿದ್ದ. ನಗೆ ಎದ್ದು ಇಳಿಯುವಷ್ಟರಲ್ಲಿ ಮುಂದಿನ ಮಾತು. ಮಂದಿ ನಗದಿದ್ದರೆ ಟವೆಲ್ ಮುಟ್ಟದೆ ಸರಸರನೆ ಮುಂದೆ ಹೋಗುತ್ತಿದ್ದ. ಮರುದಿನದ ಆಟದಲ್ಲಿ ಆ ಮಾತೇ ಇರಲಿಲ್ಲ.

ಇಂಥ ಪಳಗಿದವರಿರುವ ಬಾಗಲಕೋಟೆ, ವಿಜಯಪುರ, ಬೆಳಗಾವಿ ಸೀಮೆಯಿಂದ ಕಡಿಮೆ ಖರ್ಚಿನ ಹಾಸ್ಯಚಿತ್ರ ಗೆದ್ದು ಬರುವುದು ಅಪರೂಪ. ರೊಕ್ಕವಿಲ್ಲ ಎನ್ನುತ್ತಾರೆ ಎಲ್ಲರೂ. ನನಗೆ ಅದು ಅರ್ಧ ಕಾರಣ ಮಾತ್ರ ಅನಿಸುತ್ತದೆ.

ರಂಗದಿಂದ ಪರದೆಗೆ ದಾರಿ ಇತ್ತು. ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ನಾಟಕ 1974ರಲ್ಲಿ ರಾಜಕುಮಾರ್ ಅಭಿನಯದ ಚಿತ್ರವಾಯಿತು. ಆದರೆ ಕಥೆ ಹೋದರೂ ಸಿನಿಮಾ ಮಾಡುವ ಕಸುಬು ಮದರಾಸು, ಬೆಂಗಳೂರುಗಳಲ್ಲೇ ಉಳಿಯಿತು.

ಆಗಿನ ದೊಡ್ಡ ಖರ್ಚು ರೀಲಿನದು. ಸಾವಿರ ಅಡಿಯ 35 ಎಂಎಂ ರೀಲು ಓಡುವುದು 11 ನಿಮಿಷ. ಎರಡು ಗಂಟೆಯ ಚಿತ್ರಕ್ಕೆ 10,800 ಅಡಿ, ಅದೂ ಪ್ರತಿ ದೃಶ್ಯ ಒಂದೇ ಟೇಕಿಗೆ ಸರಿಬಂದರೆ. ಹೊಡೆದಾಟದಲ್ಲಿ ಏಟು ತುಸು ತಪ್ಪಿದರೆ ಸದ್ದು ಸೇರಿಸಿ ಮುಚ್ಚಬಹುದು. ನಗೆಯಲ್ಲಿ ಅರೆಕ್ಷಣ ತಪ್ಪಿದರೆ ಮತ್ತೆ ತೆಗೆಯಲೇಬೇಕು. ಕೈಯಲ್ಲಿ ಕಾಸಿಲ್ಲದವನು ಮೊದಲ ಟೇಕಿಗೇ ‘ಓಕೆ’ ಅನ್ನಬೇಕಾಯಿತು.

ಡಿಜಿಟಲ್ ಬಂದು ರೀಲಿನ ಹೊರೆ ಇಳಿಯಿತು. ಪ್ರಚಾರ, ಚಿತ್ರಮಂದಿರದ ಬಾಡಿಗೆ, ಸೆನ್ಸಾರಿಗೆಂದು ಬೆಂಗಳೂರಿನ ಓಡಾಟ ಹಾಗೇ ಉಳಿದವು. ಸರ್ಕಾರದ ಸಹಾಯಧನ ಚಿತ್ರ ಮುಗಿದ ಮೇಲಿನ ಮಾತು. ಇತ್ತ ಮೊಬೈಲಿನಲ್ಲಿ ಹತ್ತು ನಿಮಿಷದ ಕಾಮಿಡಿ ಪುಕ್ಕಟೆ ಸಿಗುತ್ತದೆ. ಅಷ್ಟು ಹೊತ್ತು ನಗಿಸಲು ಗಂಡ ಹೆಂಡತಿಯ ಒಂದು ಜಗಳ ಸಾಕು. ಎರಡು ಗಂಟೆ ಕೂಡಿಸಬೇಕೆಂದರೆ ನಗೆಯ ಬುಡದಲ್ಲಿ ಒಂದು ಸಂಕಟ ಇರಬೇಕು. ಇವನ ಗತಿ ಏನಾದೀತು ಎಂದು ನೋಡುವವರಿಗೆ ಹತ್ತಿಕೊಳ್ಳಬೇಕು. ಬರವಣಿಗೆಗೆ ವರ್ಷ ಕೊಡುವ ನಿರ್ಮಾಪಕರು ಎಷ್ಟಿದ್ದಾರೆ?

ಗಡಿಯಾಚೆಯ ಮರಾಠಿ ಹಾಸ್ಯನಟ ದಾದಾ ಕೋಂಡ್ಕೆ ತೆರೆಗೆ ಬರುವ ಮೊದಲು ಒಂದೇ ಲೋಕನಾಟ್ಯವನ್ನು, ಅಂದರೆ ಜನಪದ ಶೈಲಿಯ ನಾಟಕವನ್ನು, ನೂರಾರು ಸಲ ಆಡಿದ್ದರು. ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು ಎಂಬುದು ಮೈಗೆ ಹತ್ತಿತ್ತು. ನಮ್ಮ ಹುಡುಗರಿಗೆ ಕ್ಯಾಮೆರಾ ಸಿಕ್ಕಿದೆ, ಎದುರು ಕೂತು ನಗುವ ಮಂದಿ ಸಿಕ್ಕಿಲ್ಲ.

ಹೋದ ಬೇಸಿಗೆಯಲ್ಲಿ ಮುಧೋಳ ಕಡೆಯ ಒಂದು ಹಳ್ಳಿಯಲ್ಲಿ ನಾಲ್ಕು ಹುಡುಗರು ತಮ್ಮ ಚಿತ್ರದ ಕಚ್ಚಾ ಪ್ರತಿಯನ್ನು ಗುಡಿಯ ಗೋಡೆಗೆ ಬಿಟ್ಟರು. ಒಂದು ಕಡೆ ನಗೆ ಎಷ್ಟು ಜೋರಾಯಿತೆಂದರೆ ನಾಯಕನ ಮುಂದಿನ ಮಾತು ಅದರಲ್ಲೇ ಮುಳುಗಿತು. “ಏನಂದಾ ಅಂವ? ಇನ್ನೊಮ್ಮಿ ಹಚ್ಚೋ ತಮ್ಮಾ” ಎಂದಳು ಕಟ್ಟೆಯ ಮೇಲಿನ ಅಜ್ಜಿ. ಸಂಕಲನ ಮಾಡುವ ಹುಡುಗ ಆ ಜಾಗವನ್ನು ಬರೆದುಕೊಂಡ. ಮರುದಿನ ಅಲ್ಲಿ ನಾಯಕ ಬಸಿಗೆ ಚಹಾ ಸುರುವಿಕೊಂಡು ಊದುವ ಎರಡು ಸೆಕೆಂಡು ಸೇರಿತು. 48 ಫ್ರೇಮು.