ಕರಗಿದ ಉಪ್ಪಿನಲ್ಲಿ ಯುರೇನಿಯಂ: ಐಡಾಹೋದ ಕೆಲಸ ಯಾಕೆ ಇನ್ನೂ ಮುಗಿದಿಲ್ಲ?

ಅಮೆರಿಕದ ಐಡಾಹೋ ರಾಜ್ಯದಲ್ಲಿ ರಿಯಾಕ್ಟರಿನ ಬಳಸಿದ ಇಂಧನದಿಂದ ಯುರೇನಿಯಂ ಬೇರ್ಪಡಿಸುವ ಕೆಲಸ ಕರಗಿದ ಕ್ಲೋರೈಡ್ ಉಪ್ಪಿನಲ್ಲಿ ನಡೆಯುತ್ತದೆ. ಯುರೇನಿಯಂ ಲೋಹ ಮೊಟ್ಟಮೊದಲು ಸಿಕ್ಕಿದ್ದೇ ಕ್ಲೋರೈಡಿನಿಂದ. 1789ರಲ್ಲಿ ಜರ್ಮನಿಯ ಕ್ಲಾಪ್‌ರೋತ್ ಲೋಹ ಅಂದುಕೊಂಡದ್ದು ನಿಜಕ್ಕೂ ಆಕ್ಸೈಡ್ ಆಗಿತ್ತು. 1841ರಲ್ಲಿ ಪ್ಯಾರಿಸ್‌ನ ಪೆಲಿಗೋ ಯುರೇನಿಯಂ ಕ್ಲೋರೈಡನ್ನು ಪೊಟ್ಯಾಸಿಯಂ ಜೊತೆ ಕಾಯಿಸಿದಾಗ ಅಸಲಿ ಲೋಹ ಬಂತು.

ತಾಮ್ರವನ್ನು ಶುದ್ಧ ಮಾಡುವ ಹಾಗೆ ನೀರಿನ ದ್ರಾವಣದಲ್ಲಿ ಕರೆಂಟ್ ಹಾಯಿಸಿ ಇದನ್ನೂ ತೆಗೆಯಬಹುದಲ್ವಾ? ಆಗುವುದಿಲ್ಲ. ಯುರೇನಿಯಂ ಲೋಹವಾಗುವ ವೋಲ್ಟೇಜ್ ಮುಟ್ಟುವ ಎಷ್ಟೋ ಮೊದಲೇ ನೀರು ಒಡೆದು ಹೈಡ್ರೋಜನ್ ಏಳುತ್ತದೆ. ಹಾಗಾಗಿ ನೀರೇ ಇಲ್ಲದ ದ್ರವ ಬೇಕು, ಅದೇ ಕರಗಿದ ಉಪ್ಪು. ಲಿಥಿಯಂ ಕ್ಲೋರೈಡ್ ಕರಗುವುದು ಸುಮಾರು 605 ಡಿಗ್ರಿಗೆ, ಪೊಟ್ಯಾಸಿಯಂ ಕ್ಲೋರೈಡ್ 770ಕ್ಕೆ. ಆದರೆ ಎರಡನ್ನೂ ಸರಿಯಾದ ಪ್ರಮಾಣದಲ್ಲಿ ಬೆರೆಸಿದರೆ 350ರ ಆಸುಪಾಸಿನಲ್ಲೇ ಕರಗುತ್ತವೆ. ಕೆಲಸ ನಡೆಯುವುದು 500 ಡಿಗ್ರಿಯಲ್ಲಿ, ಅದೂ ಆರ್ಗಾನ್ ಅನಿಲ ತುಂಬಿದ ಕೋಣೆಯೊಳಗೆ. ಸ್ವಲ್ಪ ತೇವವೋ ಆಮ್ಲಜನಕವೋ ನುಗ್ಗಿದರೂ ಯುರೇನಿಯಂ ಆಕ್ಸೈಡ್ ಆಗಿ ತಳಕ್ಕೆ ಕೂತುಬಿಡುತ್ತದೆ.

ಈ ಉಪ್ಪಿನಲ್ಲಿ ಯುರೇನಿಯಂನ ನಡತೆ ನನಗೆ ತುಂಬಾ ಇಷ್ಟ. ನಾಲ್ಕು ಎಲೆಕ್ಟ್ರಾನ್ ಕಳೆದುಕೊಂಡ ಅಯಾನು ಮೊದಲು ಒಂದನ್ನು ವಾಪಸ್ ಪಡೆಯುತ್ತದೆ, ಆಮೇಲೆ ಉಳಿದ ಮೂರನ್ನೂ ಒಂದೇ ಹೆಜ್ಜೆಯಲ್ಲಿ ಪಡೆದು ಲೋಹವಾಗುತ್ತದೆ. ಬಳಸಿದ ಇಂಧನದಲ್ಲಿ ಹತ್ತಾರು ಮೂಲವಸ್ತುಗಳಿರುತ್ತವೆ, ಒಂದೊಂದಕ್ಕೂ ಅದರದ್ದೇ ವೋಲ್ಟೇಜ್. ಇಂಧನವನ್ನು ತುಂಡು ಮಾಡಿ ಬುಟ್ಟಿಯಲ್ಲಿ ಹಾಕಿ ಅದನ್ನೇ ಆನೋಡ್ (ಧನ ಧ್ರುವ) ಮಾಡಿದರೆ ಪಲ್ಲೇಡಿಯಂ, ರುಥೇನಿಯಂನಂಥವು ಕರಗದೆ ಬುಟ್ಟಿಯಲ್ಲೇ ಉಳಿಯುತ್ತವೆ, ಯುರೇನಿಯಂ ಕರಗಿ ಹೋಗಿ ಉಕ್ಕಿನ ಕ್ಯಾಥೋಡ್ (ಋಣ ಧ್ರುವ) ಮೇಲೆ ಕವಲು ಕವಲಾಗಿ ಬೆಳೆಯುತ್ತದೆ, ಸೀಸಿಯಂ, ಸ್ಟ್ರಾನ್ಷಿಯಂ ಮಾತ್ರ ಉಪ್ಪು ಬಿಟ್ಟು ಬರುವುದೇ ಇಲ್ಲ. ಪ್ಲುಟೋನಿಯಂ ಹಿಡಿಯಲು ಕರಗಿದ ಕ್ಯಾಡ್ಮಿಯಂನ ಕ್ಯಾಥೋಡ್ ಬೇಕು. ಅದರ ಜೊತೆ ಪ್ಲುಟೋನಿಯಂ ಮಿಶ್ರಲೋಹವಾಗುವುದರಿಂದ ಅದರ ವೋಲ್ಟೇಜ್ ಯುರೇನಿಯಂನದ್ದಕ್ಕೆ ಹತ್ತಿರ ಬರುತ್ತದೆ, ಎರಡೂ ಒಟ್ಟಿಗೆ ಇಳಿಯುತ್ತವೆ.

ಜಗಳ ಶುರುವಾಗಿದ್ದೂ ಇಲ್ಲೇ. ಅಮೆರಿಕದ ಆರ್ಗೋನ್ (Argonne) ರಾಷ್ಟ್ರೀಯ ಪ್ರಯೋಗಾಲಯ 1984ರಲ್ಲಿ ಒಂದು ದೊಡ್ಡ ಯೋಜನೆ ಹಿಡಿಯಿತು: ಐಡಾಹೋದ ಇಬಿಆರ್-2 ಎಂಬ ಪ್ರಾಯೋಗಿಕ ರಿಯಾಕ್ಟರ್ ಪಕ್ಕದಲ್ಲೇ ಇಂಧನವನ್ನು ಹೀಗೆ ಶುದ್ಧ ಮಾಡಿ ಮತ್ತೆ ಅದೇ ರಿಯಾಕ್ಟರಿಗೆ ಹಾಕುವುದು. ಪ್ಲುಟೋನಿಯಂ ಒಂಟಿಯಾಗಿ ಬರುವುದೇ ಇಲ್ಲ, ಬಾಂಬಿನ ಭಯ ಬೇಡ ಅಂತ ಬೆಂಬಲಿಗರು. ಅಷ್ಟು ಕಲಬೆರಕೆ ಸಾಕಾದ ತಡೆಯಲ್ಲ ಅಂತ ವಿರೋಧಿಗಳು. ಕ್ಲಿಂಟನ್ ಸರ್ಕಾರ ಯೋಜನೆ ನಿಲ್ಲಿಸಿತು, 1994ರ ಸೆಪ್ಟೆಂಬರ್‌ನಲ್ಲಿ ರಿಯಾಕ್ಟರ್ ಮುಚ್ಚಿತು. ವಿರೋಧಿಗಳ ಮಾತಿನಲ್ಲಿ ಹುರುಳಿತ್ತು. ಆದರೂ ಆ ಹೊತ್ತಿನಲ್ಲಿ ನಿಲ್ಲಿಸಿದ್ದು ತಪ್ಪು ಅಂತಲೇ ನನ್ನ ಅಭಿಪ್ರಾಯ.

ಯಾಕೆಂದರೆ ಇಂಧನ ಅಲ್ಲೇ ಉಳಿಯಿತು. ಇಬಿಆರ್-2ರ ಕಡ್ಡಿಗಳೊಳಗೆ ಶಾಖ ದಾಟಿಸಲು ಸೋಡಿಯಂ ಲೋಹ ತುಂಬಿದ್ದರು. ಅದು ನೀರು ಮುಟ್ಟಿದರೆ ಉರಿಯುತ್ತದೆ, ಆದ್ದರಿಂದ ಇಂಥ ಇಂಧನವನ್ನು ಸುಮ್ನೆ ಹೂಳಲು ಆಗುವುದಿಲ್ಲ. 1996ರಲ್ಲಿ ಅದೇ ಉಪ್ಪಿನ ವಿಧಾನವನ್ನು ಪರೀಕ್ಷೆಗೆ ಹಚ್ಚಿದರು, 2000ದಲ್ಲಿ ಇದರಿಂದಲೇ ಇಬಿಆರ್-2ರ ಎಲ್ಲ ಇಂಧನವನ್ನೂ ಶುದ್ಧ ಮಾಡುವುದು ಅಂತ ತೀರ್ಮಾನ ಆಯಿತು. ಸುಮಾರು 25 ಟನ್. ಆದರೂ ಕೆಲಸ ದಶಕಗಟ್ಟಲೆ ಎಳೆದಿದೆ. ಐಡಾಹೋ ರಾಜ್ಯ ಅಮೆರಿಕ ಸರ್ಕಾರದ ಜೊತೆ ಮಾಡಿಕೊಂಡ 1995ರ ಒಪ್ಪಂದದ ಪ್ರಕಾರ 2035ರೊಳಗೆ ಐಡಾಹೋದಿಂದ ಬಳಸಿದ ಇಂಧನ ಹೊರಹೋಗಬೇಕು.

ಕಷ್ಟ ಯುರೇನಿಯಂನದ್ದಲ್ಲ. ಅದು ಹೇಳಿದ ವೋಲ್ಟೇಜಿಗೆ ಬರುತ್ತದೆ, ಅಂಟಿಕೊಂಡ ಉಪ್ಪನ್ನು ನಿರ್ವಾತದಲ್ಲಿ ಕಾಯಿಸಿ ಆವಿ ಮಾಡಿದರೆ ಲೋಹದ ಗಟ್ಟಿ ಸಿಗುತ್ತದೆ. ಕಷ್ಟ ಉಳಿದ ಉಪ್ಪಿನದ್ದು. ಸೀಸಿಯಂ ಜಾಸ್ತಿಯಾದಷ್ಟೂ ಅದರ ಶಾಖ, ವಿಕಿರಣ ಏರುತ್ತದೆ, ನೀರಲ್ಲಿ ಕರಗುವುದರಿಂದ ಹಾಗೇ ಹೂಳಲೂ ಆಗದು. ಜಿಯೋಲೈಟ್ (ಸೂಕ್ಷ್ಮ ರಂಧ್ರಗಳಿರುವ ಖನಿಜ) ಮತ್ತು ಗಾಜಿನ ಜೊತೆ ಬೇಯಿಸಿ ಸಿರಾಮಿಕ್ ಮಾಡುವ ದಾರಿಯೇನೋ ಇದೆ, ಆದರೆ ಸ್ವಲ್ಪ ಉಪ್ಪಿಗೆ ಎಷ್ಟೋ ಪಟ್ಟು ಗಟ್ಟಿ ಕಸ ಹುಟ್ಟುತ್ತದೆ.

ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರವೂ ಲೋಹದ ಇಂಧನಕ್ಕಾಗಿ ಇದೇ ಉಪ್ಪಿನ ವಿಧಾನದ ಮೇಲೆ ಕೆಲಸ ಮಾಡುತ್ತಿದೆ. ಅಲ್ಲಿ ಕ್ಯಾಥೋಡಿಗೆ ಕೊಡುವಷ್ಟೇ ಗಮನವನ್ನು ಈ ಉಪ್ಪಿಗೂ ಈಗಿನಿಂದಲೇ ಕೊಡಬೇಕು.